ಪಂಪ್ ಬದಲಿಸುವ ಮೊದಲು ಗೇಜ್ ಹಾಕಿ: ಪೆಟ್ರೋಲ್ ಗಾಡಿಯ ಫ್ಯೂಯಲ್ ಪ್ರೆಶರ್ ದೋಷ ಹುಡುಕುವ ಬಗೆ

ಏರು ರಸ್ತೆಯಲ್ಲಿ ಗಾಡಿ ಜರ್ಕ್ ಹೊಡೆಯುತ್ತದೆ. ಪಿಕಪ್ ಇಲ್ಲ. ಬೆಳಗ್ಗೆ ಉದ್ದಕ್ಕೆ ಸೆಲ್ಫ್ ಹೊಡೆದರೆ ಮಾತ್ರ ಸ್ಟಾರ್ಟ್. ಇಂಥ ದೂರು ಹೇಳಿದ ತಕ್ಷಣ ಬಹಳ ಕಡೆ ಸಿಗುವ ಉತ್ತರ ಒಂದೇ: ಫ್ಯೂಯಲ್ ಪಂಪ್ ಹೋಗಿದೆ, ಬದಲಾಯಿಸೋಣ. ಪಂಪ್ ಏನು ಅಗ್ಗದ ಸಾಮಾನಲ್ಲ. ಹಾಕಿಸಿದ ಮೇಲೂ ಜರ್ಕ್ ನಿಲ್ಲಲಿಲ್ಲ ಅಂದರೆ ಆಮೇಲೆ ಪ್ಲಗ್, ಕಾಯಿಲ್, ಇಂಜೆಕ್ಟರ್ ಕ್ಲೀನಿಂಗ್ ಅಂತ ಬಿಲ್ ಬೆಳೆಯುತ್ತಾ ಹೋಗುತ್ತದೆ. ಇಷ್ಟೆಲ್ಲ ನಡೆಯುವಾಗ ಪ್ರೆಶರ್ ಎಷ್ಟಿದೆ ಅಂತ ಒಬ್ಬರೂ ಅಳೆದು ನೋಡಿರುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ. ಪ್ರೆಶರ್ ಅಳೆಯುವ ಒಂದು ಗೇಜ್, ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್, ಗಾಡಿಯ ಕಂಪ್ಯೂಟರನ್ನು ಓದುವ ಒಂದು ಸಾಧಾರಣ ಸ್ಕ್ಯಾನರ್ ಇದ್ದರೆ ಈ ದೋಷ ಎಲ್ಲಿದೆ ಅಂತ ಊಹೆ ಮಾಡುವ ಅಗತ್ಯವೇ ಇಲ್ಲ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ನಮ್ಮ ರಸ್ತೆಗಳಲ್ಲಿ ಜಾಸ್ತಿ ಓಡುವ ಮಾಮೂಲಿ ಎಂಪಿಎಫ್‌ಐ (ಒಂದೊಂದು ಸಿಲಿಂಡರಿಗೆ ಒಂದೊಂದು ಇಂಜೆಕ್ಟರ್ ಇರುವ) ಪೆಟ್ರೋಲ್ ಕಾರುಗಳ ಬಗ್ಗೆ. ಡೀಸೆಲ್ ಕಾಮನ್ ರೈಲ್ ಬೇರೆ ಲೋಕ, ಅದರ ಬಗ್ಗೆ ಕೊನೆಯಲ್ಲಿ ನಾಲ್ಕು ಮಾತು ಇದೆ. ಡೀಸೆಲ್ ಗಾಡಿ ಇರುವವರು ಅದನ್ನು ಓದದೆ ಸ್ಪಾನರ್ ಹಿಡಿಯಬೇಡಿ.

ಕೈ ಹಾಕುವ ಮೊದಲು

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಮೈನಸ್ 40 ಡಿಗ್ರಿಯಷ್ಟು ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ಪದಾರ್ಥ ಅದು, ನಮ್ಮ ಬಿಸಿಲಿನಲ್ಲಿ ಕೇಳಬೇಕೇ? ಅದಕ್ಕೇ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ, ಗ್ಯಾರೇಜಿನ ಪಿಟ್ ಮೇಲೆ ಈ ಕೆಲಸ ಬೇಡ. ಬಯಲಲ್ಲಿ ಮಾಡಿ. ಎಂಜಿನ್ ತಣ್ಣಗಿರಲಿ. ಪೌಡರ್ ತುಂಬಿದ ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗಿರಲಿ. ಕಣ್ಣಿಗೆ ಕನ್ನಡಕ ಇರಲಿ. ಬೀಡಿ ಸಿಗರೇಟಿನ ಮಾತೇ ಇಲ್ಲ.

ಲೈನ್ ಬಿಚ್ಚುವ ಮೊದಲು ಒಳಗಿನ ಪ್ರೆಶರ್ ಇಳಿಸಬೇಕು. ಪಂಪಿನ ಫ್ಯೂಸ್ ಅಥವಾ ರಿಲೇ (ಪಂಪಿಗೆ ಕರೆಂಟ್ ಬಿಡುವ ಸ್ವಿಚ್) ಕಿತ್ತಿಡಿ, ಎಂಜಿನ್ ಸ್ಟಾರ್ಟ್ ಮಾಡಿ, ತಾನಾಗಿ ಆಫ್ ಆಗುವವರೆಗೆ ಓಡಲಿ, ಆಮೇಲೆ ಇನ್ನೊಂದೆರಡು ಸಲ ಸೆಲ್ಫ್ ಹೊಡೆಯಿರಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಇಷ್ಟಾದರೂ ಸ್ವಲ್ಪ ಪೆಟ್ರೋಲ್ ಚಿಮ್ಮೇ ಚಿಮ್ಮುತ್ತದೆ, ಆದ್ದರಿಂದ ಜಾಯಿಂಟಿನ ಸುತ್ತ ದಪ್ಪ ಬಟ್ಟೆ ಸುತ್ತಿ ನಿಧಾನಕ್ಕೆ ಬಿಚ್ಚಿ. ಇನ್ನೊಂದು ಮಾತು, ಪೈಪ್ ಹಾಕಿ ಬಾಯಲ್ಲಿ ಪೆಟ್ರೋಲ್ ಎಳೆಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ದಯವಿಟ್ಟು ಬಿಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೂ ಆಸ್ಪತ್ರೆ ಸೇರಬೇಕಾಗುತ್ತದೆ.

ಪ್ರೆಶರ್ ಇಳಿದರೂ ಗಾಡಿ ಓಡುವುದು ಯಾಕೆ

ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಇಂಜೆಕ್ಟರ್ ಅಂದರೆ ತೆರೆದು ಮುಚ್ಚುವ ಒಂದು ಸಣ್ಣ ವಾಲ್ವ್, ಅಷ್ಟೇ. ಎಷ್ಟು ಹೊತ್ತು ತೆರೆದಿರಬೇಕು ಅಂತ ಇಸಿಯು, ಅಂದರೆ ಎಂಜಿನಿನ ಕಂಪ್ಯೂಟರ್, ಹೇಳುತ್ತದೆ. ಆ ಲೆಕ್ಕದಲ್ಲಿ ರೈಲ್‌ನ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪಿನ) ಪ್ರೆಶರ್ ಇಷ್ಟೇ ಇರುತ್ತದೆ ಅಂತ ಮೊದಲೇ ನಂಬಿರುತ್ತದೆ. ಮಾಮೂಲಿ ಪೆಟ್ರೋಲ್ ಕಾರುಗಳಲ್ಲಿ ರೈಲ್ ಪ್ರೆಶರ್ ಅಳೆಯುವ ಸೆನ್ಸರ್ ಇರುವುದಿಲ್ಲ. 3 ಬಾರ್ ಇರಬೇಕಾದಲ್ಲಿ 2 ಬಾರ್ ಇದ್ದರೂ ಅದಕ್ಕೆ ನೇರವಾಗಿ ಗೊತ್ತಾಗುವುದಿಲ್ಲ.

ಪ್ರೆಶರ್ 3ರಿಂದ 2ಕ್ಕೆ ಇಳಿದರೆ ಇಂಜೆಕ್ಟರ್‌ನಿಂದ ಬರುವ ಪೆಟ್ರೋಲ್ ಮೂರನೇ ಒಂದು ಭಾಗ ಕಡಿಮೆ ಆಗುವುದಿಲ್ಲ, ಸುಮಾರು ಶೇ. 18 ಮಾತ್ರ ಕಡಿಮೆ ಆಗುತ್ತದೆ. ಹರಿವು ಪ್ರೆಶರಿನ ವರ್ಗಮೂಲದ ಲೆಕ್ಕದಲ್ಲಿ ಇಳಿಯುತ್ತದೆ, ಅದಕ್ಕೇ ಹೀಗೆ. ಈ ಕೊರತೆಯನ್ನು ಸೈಲೆನ್ಸರಿನ ಆಕ್ಸಿಜನ್ ಸೆನ್ಸರ್ ಹಿಡಿಯುತ್ತದೆ. ಇಸಿಯು ಇಂಜೆಕ್ಟರನ್ನು ಇನ್ನಷ್ಟು ಹೊತ್ತು ತೆರೆದು ಸರಿದೂಗಿಸುತ್ತದೆ. ಲೆಕ್ಕ ಹಾಕಿದರೆ ಶೇ. 22ರಷ್ಟು ಜಾಸ್ತಿ ಹೊತ್ತು. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ), ಊರೊಳಗೆ ನಿಧಾನವಾಗಿ ಓಡಿಸುವಾಗ ಇದು ಸಾಧ್ಯ. ಗಾಡಿ ಚೆನ್ನಾಗೇ ಇದೆ ಅನಿಸುತ್ತದೆ. ಕಾಲು ಪೂರ್ತಿ ಒತ್ತಿದಾಗ ಮಾತ್ರ ಇಸಿಯು ಸೆನ್ಸರ್ ನೋಡಿ ಕ್ಷಣಕ್ಷಣಕ್ಕೂ ತಿದ್ದುವುದನ್ನು ನಿಲ್ಲಿಸಿ ತನ್ನ ಲೆಕ್ಕದ ಪ್ರಕಾರ ಪೆಟ್ರೋಲ್ ಬಿಡುತ್ತದೆ, ಆಗ ಕೊರತೆ ಬಯಲಿಗೆ ಬರುತ್ತದೆ.

ಎರಡನೇ ಸಂಗತಿ ಪ್ರಮಾಣದ್ದು. ಸಣ್ಣ ಕಾರೊಂದು ಐಡಲ್‌ನಲ್ಲಿ ಗಂಟೆಗೆ ಕುಡಿಯುವುದು ಒಂದು ಲೀಟರ್ ಆಚೀಚೆ. ಅದೇ ಕಾರು ಫುಲ್ ಪವರ್‌ನಲ್ಲಿ ಎಳೆಯುವಾಗ ಗಂಟೆಗೆ 20 ಲೀಟರಿಗೂ ಜಾಸ್ತಿ ಬೇಡುತ್ತದೆ. ಸತ್ತು ಹೋಗುತ್ತಿರುವ ಪಂಪ್ ಕೂಡ ಒಂದು ಲೀಟರನ್ನು ಆರಾಮಾಗಿ ಕೊಡುತ್ತದೆ. ಹಾಗಾಗಿ ನಿಂತ ಗಾಡಿಯಲ್ಲಿ ಗೇಜ್ 3 ಬಾರ್ ತೋರಿಸಿತು, ಪಂಪ್ ಓಕೆ ಅನ್ನುವುದು ಅರ್ಧ ಪರೀಕ್ಷೆ. ಅರ್ಧ ಕಟ್ಟಿಕೊಂಡ ಪೈಪಿನ ನಲ್ಲಿಯನ್ನು ಬೆರಳಲ್ಲಿ ಒತ್ತಿ ಹಿಡಿದರೆ ಪ್ರೆಶರ್ ಚೆನ್ನಾಗೇ ಇರುತ್ತದೆ, ಬೆರಳು ತೆಗೆದಾಗಲೇ ಕೊಡ ತುಂಬುವುದಿಲ್ಲ ಅಂತ ತಿಳಿಯುವುದು. ಇಲ್ಲೂ ಹಾಗೇ.

ಗೇಜ್ ಇಲ್ಲದೆ ಗೊತ್ತಾಗುವ ವಿಷಯಗಳು

ಹಿಂದಿನ ಸೀಟಿನ ಹತ್ತಿರ ಕಿವಿ ಇಟ್ಟುಕೊಂಡು, ಇನ್ನೊಬ್ಬರಿಗೆ ಕೀ ಆನ್ ಮಾಡಲು ಹೇಳಿ. ಸ್ಟಾರ್ಟ್ ಮಾಡುವುದು ಬೇಡ. ಪಂಪ್ ಎರಡು ಮೂರು ಸೆಕೆಂಡ್ ಗುಂಯ್ ಅಂದು ನಿಲ್ಲಬೇಕು. ಸದ್ದೇ ಇಲ್ಲ ಅಂದರೆ ಮೊದಲು ಫ್ಯೂಸ್, ಆಮೇಲೆ ರಿಲೇ. ಹಾರ್ನ್ ರಿಲೇಯ ನಂಬರ್ ಪಂಪ್ ರಿಲೇಗೆ ಸಮ ಇದ್ದರೆ ಅದಲು ಬದಲು ಮಾಡಿ ನೋಡಿ, ಐದು ನಿಮಿಷದ ಕೆಲಸ. ಡ್ಯಾಶ್‌ಬೋರ್ಡಿನಲ್ಲಿ ಇಮೊಬಿಲೈಸರ್ (ಕೀ ಗುರುತು ಸಿಗದಿದ್ದರೆ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಮಿನುಗುತ್ತಿದ್ದರೆ ಸಮಸ್ಯೆ ಕೀ ಕಡೆ ಇದೆ, ಪಂಪ್ ಕಡೆ ಅಲ್ಲ.

ಕೀ ಆನ್ ಮಾಡಿದಾಗ ಸದ್ದು ಬರುತ್ತದೆ, ಸೆಲ್ಫ್ ಹೊಡೆಯುವಾಗ ಪಂಪ್ ಓಡುವುದಿಲ್ಲ ಅನ್ನುವ ಕೇಸುಗಳೂ ಇವೆ. ಎಂಜಿನ್ ತಿರುಗುತ್ತಿದೆ ಅಂತ ಕ್ರ್ಯಾಂಕ್ ಸೆನ್ಸರಿನಿಂದ ಸಿಗ್ನಲ್ ಬಂದರೆ ಮಾತ್ರ ಇಸಿಯು ಪಂಪ್ ಓಡಿಸುತ್ತದೆ. ಸ್ಕ್ಯಾನರಿನಲ್ಲಿ ಆರ್‌ಪಿಎಂ ನೋಡುತ್ತಾ ಸೆಲ್ಫ್ ಹೊಡೆಯಿರಿ. ಸೊನ್ನೆ ತೋರಿಸಿದರೆ ಕ್ರ್ಯಾಂಕ್ ಸೆನ್ಸರ್ ನೋಡಬೇಕು. ಇಂಥ ಗಾಡಿಗೆ ಎಷ್ಟು ಪಂಪ್ ಹಾಕಿದರೂ ಸ್ಟಾರ್ಟ್ ಆಗುವುದಿಲ್ಲ.

ಬೆಳಗ್ಗೆ ಲೇಟಾಗಿ ಸ್ಟಾರ್ಟ್ ಆಗುವ ಗಾಡಿಗೆ ಒಂದು ಸುಲಭ ಪರೀಕ್ಷೆ ಇದೆ. ಕೀ ಆನ್ ಮಾಡಿ, ಪಂಪ್ ನಿಲ್ಲುವವರೆಗೆ ಕಾಯಿರಿ, ಆಫ್ ಮಾಡಿ. ಹೀಗೆ ಮೂರು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ತಕ್ಷಣ ಹಿಡಿದುಕೊಂಡರೆ ರಾತ್ರಿಯೆಲ್ಲ ಲೈನಿನ ಪ್ರೆಶರ್ ಸೋರಿ ಹೋಗುತ್ತಿದೆ ಅಂತ ಅರ್ಥ. ಪಂಪ್ ಶಕ್ತಿಯಲ್ಲಿ ತೊಂದರೆ ಇಲ್ಲದೆಯೂ ಹೀಗಾಗಬಹುದು.

ಸ್ವಲ್ಪ ದೂರ ಓಡಿದ ಮೇಲೆ ಸುಸ್ತಾಗಿ, ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಸರಿಯಾಗುವ ಗಾಡಿಯಲ್ಲಿ ಮೂರು ಗುಮಾನಿ. ಟ್ಯಾಂಕಿನೊಳಗಿನ ಜಾಲರಿಗೆ ಕಸ ಅಂಟಿಕೊಂಡು ನಿಂತಾಗ ಕಳಚಿ ಬೀಳುತ್ತಿರಬಹುದು, ಪಂಪ್ ಬಿಸಿಯಾಗಿ ಸೋಲುತ್ತಿರಬಹುದು, ಅಥವಾ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿರಬಹುದು. ಮೂರನೆಯದನ್ನು ತಿಳಿಯುವುದು ತುಂಬಾ ಸುಲಭ. ಗಾಡಿ ಸುಸ್ತಾದ ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಗಾಳಿಯನ್ನು ಜೋರಾಗಿ ಒಳಗೆ ಎಳೆದುಕೊಂಡ ಸದ್ದು ಬಂದು, ಆಮೇಲೆ ಗಾಡಿ ಸರಿಯಾಗಿ ಓಡಿದರೆ ಉತ್ತರ ಸಿಕ್ಕಿತು.

ಸಿಎನ್‌ಜಿ ಅಥವಾ ಎಲ್‌ಪಿಜಿ ಕೂಡ ಇರುವ ಗಾಡಿಯವರ ಕೈಯಲ್ಲಂತೂ ಪರೀಕ್ಷೆ ಯಾವಾಗಲೂ ಇದೆ. ಗ್ಯಾಸಿನಲ್ಲಿ ಚೆನ್ನಾಗಿ ಎಳೆದು ಪೆಟ್ರೋಲಿನಲ್ಲಿ ಮಾತ್ರ ಜರ್ಕ್ ಹೊಡೆದರೆ ಪ್ಲಗ್, ಕಾಯಿಲ್, ಏರ್ ಫಿಲ್ಟರ್, ಕಾಂಪ್ರೆಷನ್ ಎಲ್ಲ ಸರಿ ಇವೆ, ಪೆಟ್ರೋಲ್ ಕಡೆ ಹುಡುಕಿ. ಎರಡರಲ್ಲೂ ಜರ್ಕ್ ಇದ್ದರೆ ಪಂಪಿನ ಆಸೆ ಬಿಡಿ. ವರ್ಷಗಟ್ಟಲೆ ಗ್ಯಾಸಿನಲ್ಲೇ ಓಡಿಸಿ ಟ್ಯಾಂಕಿನಲ್ಲಿ ತಳಮಟ್ಟದ ಹಳೇ ಪೆಟ್ರೋಲ್ ಇಟ್ಟುಕೊಂಡವರ ಪಂಪ್ ಬೇಗ ಹಾಳಾಗುವುದು ಮಾಮೂಲು. ಪಂಪನ್ನು ತಣ್ಣಗಿಡುವುದು ಅದರ ಸುತ್ತ, ಅದರೊಳಗೆ ಇರುವ ಪೆಟ್ರೋಲೇ. ಸದಾ ರಿಸರ್ವ್‌ನಲ್ಲಿ ಓಡಿಸುವವರಿಗೂ ಇದೇ ಮಾತು.

ಸ್ಕ್ಯಾನರ್ ಏನು ಹೇಳುತ್ತದೆ

ಪಿ0171 ಅನ್ನುವ ದೋಷದ ಕೋಡ್ ಬಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಪಿ0172 ಬಂದರೆ ಜಾಸ್ತಿ. ರೈಲ್ ಸೆನ್ಸರ್ ಇರುವ ಗಾಡಿಗಳಲ್ಲಿ ಪಿ0087 ಪ್ರೆಶರ್ ಕಡಿಮೆ, ಪಿ0088 ಜಾಸ್ತಿ. ಕೋಡ್ ಬರದಿದ್ದರೂ ಲೈವ್ ಡೇಟಾ ನೋಡಿ. ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಅಂತ ತೋರಿಸುವ ಫ್ಯೂಯಲ್ ಟ್ರಿಮ್ ಅನ್ನುವ ಎರಡು ಅಂಕಿಗಳಿರುತ್ತವೆ, ಈ ಕ್ಷಣದ್ದು ಶಾರ್ಟ್, ದೀರ್ಘ ಕಾಲದ್ದು ಲಾಂಗ್. ಎರಡನ್ನೂ ಕೂಡಿಸಿ. ಸೊನ್ನೆಯ ಆಚೀಚೆ ಐದು ಇದ್ದರೆ ಚಿಂತೆ ಇಲ್ಲ. ಪ್ಲಸ್ ಹತ್ತು ದಾಟಿದರೆ ಇಸಿಯು ಯಾವುದೋ ಕೊರತೆ ಮುಚ್ಚುತ್ತಿದೆ.

ಆ ಕೊರತೆ ಪೆಟ್ರೋಲಿನದೋ, ಎಲ್ಲಿಂದಲೋ ನುಸುಳಿದ ಗಾಳಿಯದೋ? ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಇರುವ ಗಾಡಿಯಲ್ಲಿ ಇದನ್ನು ಬೇರ್ಪಡಿಸುವುದು ಸುಲಭ. ಐಡಲ್‌ನಲ್ಲಿ ಟ್ರಿಮ್ ತುಂಬಾ ಪ್ಲಸ್ ಇದ್ದು, 2500 ಆರ್‌ಪಿಎಂಗೆ ರೇಸ್ ಕೊಟ್ಟಾಗ ಸೊನ್ನೆಯ ಹತ್ತಿರ ಬಂದರೆ ಎಲ್ಲೋ ವ್ಯಾಕ್ಯೂಮ್ ಪೈಪ್ ಸೋರುತ್ತಿದೆ. ಐಡಲ್‌ನಲ್ಲಿ ಸುಮಾರಾಗಿದ್ದು, ರೇಸ್ ಮತ್ತು ಲೋಡ್ ಹೆಚ್ಚಿದಂತೆ ಟ್ರಿಮ್ ಏರುತ್ತಾ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಂಎಎಫ್ ಕೊಳೆಯಾಗಿ ಗಾಳಿಯನ್ನು ಕಡಿಮೆ ಅಳೆಯುತ್ತಿದೆ. ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಇರುವುದು ಮ್ಯಾನಿಫೋಲ್ಡಿನ (ಎಂಜಿನಿಗೆ ಗಾಳಿ ಹಂಚುವ ಪೈಪಿನ) ಪ್ರೆಶರ್ ಅಳೆಯುವ ಎಂಎಪಿ ಸೆನ್ಸರ್. ಅವುಗಳಲ್ಲಿ ವ್ಯಾಕ್ಯೂಮ್ ಸೋರಿಕೆ ಆದರೆ ಟ್ರಿಮ್ ಏರುವುದಕ್ಕಿಂತ ಐಡಲ್ ಆರ್‌ಪಿಎಂ ಏರುವುದೇ ಜಾಸ್ತಿ. ಈ ವ್ಯತ್ಯಾಸ ಗೊತ್ತಿಲ್ಲದೆ ಟ್ರಿಮ್ ಓದಿದರೆ ದಾರಿ ತಪ್ಪುತ್ತದೆ.

ನನಗೆ ಬಹಳ ಇಷ್ಟವಾದ ಪರೀಕ್ಷೆ ಇನ್ನೊಂದಿದೆ. ಸ್ಕ್ಯಾನರಿನಲ್ಲಿ ಮೊದಲ ಆಕ್ಸಿಜನ್ ಸೆನ್ಸರಿನ ವೋಲ್ಟೇಜ್ ಗ್ರಾಫ್ ಇಟ್ಟುಕೊಂಡು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಖಾಲಿ ಇರುವ ಏರಿನಲ್ಲಿ ಮೂರನೇ ಗೇರಿನಲ್ಲಿ ಕಾಲು ಪೂರ್ತಿ ಒತ್ತಿ. ಆರೋಗ್ಯವಾಗಿರುವ ಗಾಡಿಯಲ್ಲಿ ವೋಲ್ಟೇಜ್ 0.8, 0.9ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ. ಏರಿದ್ದು ಅಲ್ಲಿ ನಿಲ್ಲದೆ 0.2ಕ್ಕೋ 0.1ಕ್ಕೋ ಬಿದ್ದರೆ, ಬಿದ್ದ ಕ್ಷಣದಲ್ಲೇ ಜರ್ಕ್ ಬಂದರೆ, ಎಂಜಿನಿಗೆ ಪೆಟ್ರೋಲ್ ಸಾಲುತ್ತಿಲ್ಲ. ಕಿಡಿ ತಪ್ಪಿದಾಗಲೂ ಸುಡದ ಆಕ್ಸಿಜನ್ ಸೆನ್ಸರಿಗೆ ಹೋಗಿ ವೋಲ್ಟೇಜ್ ಬೀಳುತ್ತದೆ, ಅದನ್ನು ನೆನಪಿಡಬೇಕು. ಆದರೆ ಕಿಡಿ ತಪ್ಪಿದರೆ ಚೂಪಾಗಿ ಏಳುಬೀಳು ಕಾಣುತ್ತದೆ, ಪೆಟ್ರೋಲ್ ಕೊರತೆಯಲ್ಲಿ ಗ್ರಾಫ್ ಜಾರಿ ಕೆಳಗೆ ಹೋಗಿ ಅಲ್ಲೇ ಮಲಗುತ್ತದೆ. (ಈ ಅಂಕಿಗಳು ಹಳೇ ಮಾದರಿಯ ನಾರೋಬ್ಯಾಂಡ್ ಸೆನ್ಸರಿಗೆ.)

ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್, ಅದರ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇ20 ಪೆಟ್ರೋಲ್ ಬಿಡುಗಡೆ ಆಯಿತು, ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದೇ ಅದು. ಬರೀ ಪೆಟ್ರೋಲಿನ ಒಂದು ಕಿಲೋ ಸುಡಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಅಂದರೆ ಅಷ್ಟೇ ಗಾಳಿಗೆ ಇ20 ಸ್ವಲ್ಪ ಜಾಸ್ತಿ ಸುರಿಯಬೇಕು. ಇ10ರಲ್ಲಿ ಓಡುತ್ತಿದ್ದ ಹಳೇ ಗಾಡಿ ಇ20ಕ್ಕೆ ಬಂದಾಗ ಟ್ರಿಮ್ ನಾಲ್ಕರಷ್ಟು ಏರುವುದು ಸಹಜ, ಅದು ದೋಷ ಅಲ್ಲ. ಪ್ಲಸ್ ಆರೋ ಏಳೋ ನೋಡಿ ಪಂಪ್ ಬಿಚ್ಚಬೇಡಿ. ಆದರೆ ನೀರು ಸೇರಿದರೆ ಕಷ್ಟ. ಎಥನಾಲ್ ನೀರನ್ನು ಹಿಡಿದುಕೊಳ್ಳುತ್ತದೆ, ಮಿತಿ ಮೀರಿದರೆ ನೀರಿನ ಜೊತೆ ತಳಕ್ಕೆ ಇಳಿದುಬಿಡುತ್ತದೆ, ಪಂಪ್ ಹೀರುವುದು ತಳದಿಂದಲೇ. ಮಳೆಗಾಲದಲ್ಲಿ ಅನುಮಾನ ಬಂದರೆ ಲೈನಿನಿಂದ ಒಂದು ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದು ಅಲುಗಾಡಿಸದೆ ಇಡಿ. ಎರಡು ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸಬೇಕು, ಬೇರೆ ದಾರಿ ಇಲ್ಲ.

ಗೇಜ್ ಹಾಕುವುದು

ಕೆಲವು ಗಾಡಿಗಳ ರೈಲ್ ಮೇಲೆ ಟೈರಿನ ವಾಲ್ವ್ ತರಹದ್ದೇ ಒಂದು ಟೆಸ್ಟ್ ಪೋರ್ಟ್ ಇರುತ್ತದೆ. ನಮ್ಮ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆಗ ಟ್ಯಾಂಕಿನಿಂದ ಬರುವ ಪೈಪ್ ರೈಲ್‌ಗೆ ಸೇರುವ ಕಡೆ ಟೀ ಜಾಯಿಂಟ್ ಹಾಕಿ ಗೇಜ್ ಸೇರಿಸಬೇಕು. 0ರಿಂದ 7 ಬಾರ್ ಗೇಜ್ ಸಾಕು. ಕ್ವಿಕ್ ಕನೆಕ್ಟರ್ ಬಿಚ್ಚುವಾಗ ಸ್ಕ್ರೂಡ್ರೈವರ್ ಹಾಕಿ ಎತ್ತಬೇಡಿ, ಒಳಗಿನ ಓ ರಿಂಗ್ ಹರಿದರೆ ಹೊಸ ಸೋರಿಕೆ ಶುರು.

ಅಳತೆಗಳ ವಿಷಯ: 1 ಬಾರ್ ಅಂದರೆ 100 ಕಿಲೋಪ್ಯಾಸ್ಕಲ್, 14.5 ಪಿಎಸ್‌ಐ. ಬಹಳಷ್ಟು ಎಂಪಿಎಫ್‌ಐ ಗಾಡಿಗಳು 3 ಬಾರ್ ಸುಮಾರಿಗೆ, ಕೆಲವು 4ರ ಹತ್ತಿರ ಓಡುತ್ತವೆ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್‌ನ ಅಂಕಿಯೇ ಅಂತಿಮ. ನೆಂಟರ ಗಾಡಿಯಲ್ಲಿ 3 ಇತ್ತು ಅಂತ ನಿಮ್ಮ ಗಾಡಿಯಲ್ಲೂ 3 ಇರಬೇಕಿಲ್ಲ.

ಗಾಡಿಯಲ್ಲಿ ರಿಟರ್ನ್ ಪೈಪ್ ಇದೆಯಾ ನೋಡಿ. ಹಳೇ ಗಾಡಿಗಳಲ್ಲಿ ರೈಲ್‌ನ ತುದಿಗೆ ಪ್ರೆಶರನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಇದ್ದು, ಅದರಿಂದ ಒಂದು ಪೈಪ್ ವಾಪಸ್ ಟ್ಯಾಂಕಿಗೆ, ಒಂದು ಸಣ್ಣ ವ್ಯಾಕ್ಯೂಮ್ ಪೈಪ್ ಮ್ಯಾನಿಫೋಲ್ಡಿಗೆ ಹೋಗುತ್ತದೆ. ಐಡಲ್‌ನಲ್ಲಿ ಗೇಜ್ 2.4 ಅಥವಾ 2.5 ತೋರಿಸಿ, ವ್ಯಾಕ್ಯೂಮ್ ಪೈಪ್ ಕಿತ್ತಾಗ 3ಕ್ಕೆ ಏರಬೇಕು. ಏರದಿದ್ದರೆ ಒಂದೋ ರೆಗ್ಯುಲೇಟರ್ ಕೆಲಸ ಮಾಡುತ್ತಿಲ್ಲ, ಇಲ್ಲಾ ಪಂಪ್ ಅಷ್ಟು ತಳ್ಳಲಾರದು. ಕಿತ್ತ ಪೈಪನ್ನು ಮೂಗಿನ ಹತ್ತಿರ ತನ್ನಿ. ಅದರೊಳಗೆ ಪೆಟ್ರೋಲ್ ತೇವ ಇದ್ದರೆ ರೆಗ್ಯುಲೇಟರಿನ ಡಯಾಫ್ರಮ್ (ಒಳಗಿನ ತೆಳು ಪರದೆ) ಹರಿದಿದೆ, ಮುಂದೆ ಯೋಚಿಸುವುದೇ ಬೇಡ. ಪ್ರೆಶರ್ ಕಡಿಮೆ ಇದ್ದರೆ ರಿಟರ್ನ್‌ನ ರಬ್ಬರ್ ಪೈಪನ್ನು ಒಂದು ಕ್ಷಣ ಅದುಮಿ ಹಿಡಿಯಿರಿ. ಮುಳ್ಳು ತಟ್ಟನೆ ಮೇಲೆ ಹಾರಿದರೆ ಪಂಪ್ ಗಟ್ಟಿ ಇದೆ, ರೆಗ್ಯುಲೇಟರ್ ಬಿಟ್ಟುಕೊಡುತ್ತಿದೆ. ಹಾರದಿದ್ದರೆ ಪಂಪ್, ಫಿಲ್ಟರ್, ವೈರಿಂಗ್ ಕಡೆ ಹೋಗಿ. ಜಾಸ್ತಿ ಹೊತ್ತು ಅದುಮಬೇಡಿ, ಪ್ಲಾಸ್ಟಿಕ್ ಪೈಪನ್ನಂತೂ ಮುಟ್ಟಲೇಬೇಡಿ, ಬಿರುಕು ಬಿಡುತ್ತದೆ.

ಹೊಸ ಗಾಡಿಗಳಲ್ಲಿ ರಿಟರ್ನ್ ಇಲ್ಲ. ರೆಗ್ಯುಲೇಟರ್, ಫಿಲ್ಟರ್, ಪಂಪ್ ಎಲ್ಲ ಟ್ಯಾಂಕಿನೊಳಗಿನ ಒಂದೇ ಅಸೆಂಬ್ಲಿಯಲ್ಲಿ. ಹಾಗಾಗಿ ಗೇಜ್ ಒಂದೇ ಜಾಗದಲ್ಲಿ ಹಾಕಿ, ಉಳಿದದ್ದನ್ನು ಕರೆಂಟಿನಿಂದ ಕಂಡುಹಿಡಿಯಬೇಕು.

ಐಡಲ್ ಅಳತೆ ಸರಿ ಬಂದರೆ ನಿಲ್ಲಿಸಬೇಡಿ. ಗೇಜಿನ ಪೈಪನ್ನು ಬಿಸಿ ಸೈಲೆನ್ಸರಿನಿಂದ ದೂರ ಇರುವಂತೆ ಬಾನೆಟ್ ಹಿಂಬದಿಯಿಂದ ಹೊರಗೆ ತಂದು, ಗೇಜನ್ನು ಮುಂದಿನ ಗಾಜಿನ ಹೊರಗೆ ವೈಪರ್ ಹತ್ತಿರ ಟೇಪ್ ಹಾಕಿ ಕೂರಿಸಿ, ಸೋರಿಕೆ ಇಲ್ಲ ಅಂತ ಎರಡೆರಡು ಸಲ ನೋಡಿ, ಆಮೇಲೆ ಜರ್ಕ್ ಹೊಡೆಯುವ ರಸ್ತೆಗೇ ಓಡಿಸಿ. ಗೇಜನ್ನು ಗಾಡಿಯೊಳಗೆ ಮಾತ್ರ ತರಬೇಡಿ.

ಚಾರ್ಮಾಡಿಯ ಒಂದು ಕೇಸು

ಸ್ನೇಹಿತರೊಬ್ಬರ ಹಳೇ ಹ್ಯಾಚ್‌ಬ್ಯಾಕ್. ಉಜಿರೆ ಕಡೆಯಿಂದ ಕೊಟ್ಟಿಗೆಹಾರಕ್ಕೆ ಚಾರ್ಮಾಡಿ ಘಾಟಿ ಏರುವಾಗ ಮಾತ್ರ ಉಸಿರು ಕಟ್ಟುತ್ತಿತ್ತು. ಬಯಲು ರಸ್ತೆಯಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಪ್ಲಗ್ ಹೊಸದು, ಕಾಯಿಲ್ ಹೊಸದು, ಪಂಪೂ ಹೊಸದು. ನಿಂತಲ್ಲಿ ಪ್ರೆಶರ್ ಸರಿಯಾಗಿ 3 ಬಾರ್. ಗೇಜ್ ಗಾಜಿಗೆ ಕಟ್ಟಿ ಘಾಟಿ ಏರಿದೆವು. ತಿರುವಿನಲ್ಲಿ ಎರಡನೇ ಗೇರಿಗೆ ಹಾಕಿ ಕಾಲು ಒತ್ತಿದ ಕೂಡಲೇ ಮುಳ್ಳು ನಡುಗುತ್ತಾ ಕೆಳಗಿಳಿದು 2.1ಕ್ಕೆ ಬಂತು. ಕಾಲು ತೆಗೆದರೆ ಮತ್ತೆ 3.

ಹೊಸ ಪಂಪಿಗೆ ಹೀಗೇಕೆ? ಹಿಂದಿನ ಸೀಟ್ ಎತ್ತಿ, ಎಂಜಿನ್ ಓಡುತ್ತಿರುವಾಗಲೇ ಪಂಪಿನ ಕಪ್ಲರ್ ಹಿಂಬದಿಯಿಂದ ಮಲ್ಟಿಮೀಟರಿನ ಸೂಜಿ ತೂರಿಸಿ ನೋಡಿದರೆ 10.4 ವೋಲ್ಟ್. ಬ್ಯಾಟರಿಯಲ್ಲಿ ಅದೇ ಹೊತ್ತಿಗೆ 13.8. ಪಾಸಿಟಿವ್ ವೈರ್ ಸರಿ ಇತ್ತು. ಪಂಪಿನ ಅರ್ಥ್ ಪಿನ್ ಮತ್ತು ಬ್ಯಾಟರಿ ನೆಗೆಟಿವ್ ನಡುವೆ ಅಳೆದಾಗ ಅಲ್ಲೇ ಮೂರು ವೋಲ್ಟಿನ ಹತ್ತಿರ ನುಂಗಿ ಹೋಗುತ್ತಿತ್ತು. ಆ ವೈರ್ ಹಿಡಿದುಕೊಂಡು ಹೋದರೆ ಕಾರ್ಪೆಟ್ ಕೆಳಗೆ ಬಾಡಿಗೆ ಬಿಗಿದ ಅರ್ಥ್ ಬೋಲ್ಟ್. ಮಳೆಗಾಲದ ನೀರು ಇಳಿದು ಕಾರ್ಪೆಟ್ ಒದ್ದೆ, ಬೋಲ್ಟಿನ ಕೆಳಗೆ ಹಸಿರು ಪುಡಿ, ವಾಷರಿನ ಸುತ್ತ ತುಕ್ಕು. ಬಿಚ್ಚಿ, ಬರೀ ಲೋಹ ಕಾಣುವವರೆಗೆ ಎಮರಿ ಪೇಪರಿನಲ್ಲಿ ಉಜ್ಜಿ, ಹೊಸ ಲಗ್ ಹಾಕಿ ಬಿಗಿದು ಗ್ರೀಸ್ ಸವರಿದಾಗ ಪಂಪಿಗೆ 13.3 ಸಿಕ್ಕಿತು. ಅದೇ ಘಾಟಿಯಲ್ಲಿ ಮುಳ್ಳು ಅಲ್ಲಾಡಲಿಲ್ಲ.

ವೋಲ್ಟೇಜ್ ಯಾವಾಗಲೂ ಕಡಿಮೆಯೇ ಇತ್ತು. ಮೋಟರ್ ನಿಧಾನಕ್ಕೆ ತಿರುಗುತ್ತಿದ್ದರೂ ಐಡಲ್‌ಗೆ ಬೇಕಾದಷ್ಟು ಕೊಡುತ್ತಿತ್ತು, ಏರಿನಲ್ಲಿ ಸಾಲುತ್ತಿರಲಿಲ್ಲ. ಹಳೇ ಪಂಪ್ ಕೂಡ ಬಹುಶಃ ಚೆನ್ನಾಗೇ ಇತ್ತು.

ಪಂಪಿನ ಕರೆಂಟ್ ಲೆಕ್ಕ

ಹಾಗಾಗಿ ಪ್ರೆಶರ್ ಅಥವಾ ಹರಿವು ಕಡಿಮೆ ಅಂತ ಖಾತ್ರಿಯಾದ ಮೇಲೆ ಮೊದಲ ಕೆಲಸ ವೋಲ್ಟೇಜ್. ಕಪ್ಲರ್ ಬಿಚ್ಚಿ ಅಳೆದರೆ ಪ್ರಯೋಜನ ಇಲ್ಲ, ಪಂಪ್ ಓಡುತ್ತಿರಬೇಕು, ಲೋಡ್ ಇಲ್ಲದೆ ಕೆಟ್ಟ ವೈರ್ ಕೂಡ 12 ವೋಲ್ಟ್ ತೋರಿಸುತ್ತದೆ. ಬ್ಯಾಟರಿಗಿಂತ ಅರ್ಧ ವೋಲ್ಟ್ ಕಡಿಮೆ ಇದ್ದರೆ ಪರವಾಗಿಲ್ಲ. ಅರ್ಥ್ ಕಡೆ 0.2 ವೋಲ್ಟಿಗಿಂತ ಜಾಸ್ತಿ ಬೀಳಬಾರದು. ಪಂಪಿನ ವೇಗವನ್ನು ಕಂಟ್ರೋಲ್ ಮಾಡ್ಯೂಲ್ ಹೆಚ್ಚುಕಡಿಮೆ ಮಾಡುವ ಗಾಡಿಗಳಿಗೆ ಈ ಅಂಕಿ ಹೊಂದುವುದಿಲ್ಲ.

ವೋಲ್ಟೇಜ್ ಸರಿ ಇದ್ದರೆ ಆಂಪಿಯರ್ ನೋಡಿ. ಡಿಸಿ ಕ್ಲಾಂಪ್ ಮೀಟರ್ ಇದ್ದರೆ ವೈರ್ ಕತ್ತರಿಸುವುದು ಬೇಡ. ಸಣ್ಣ ಕಾರಿನ ಪಂಪ್ ಸಾಮಾನ್ಯವಾಗಿ 3ರಿಂದ 6 ಆಂಪಿಯರ್ ಎಳೆಯುತ್ತದೆ. ಪ್ರೆಶರ್ ಕಡಿಮೆ, ಕರೆಂಟ್ ಜಾಸ್ತಿ ಅಂದರೆ ಪಂಪ್ ಕಷ್ಟಪಡುತ್ತಿದೆ: ಮುಂದಿನ ಫಿಲ್ಟರ್ ಕಟ್ಟಿದೆ ಅಥವಾ ಪಂಪೇ ಬಿಗಿಯಾಗುತ್ತಿದೆ. ಪ್ರೆಶರ್ ಕಡಿಮೆ, ಕರೆಂಟೂ ಕಡಿಮೆ ಅಂದರೆ ಪಂಪ್ ಸವೆದಿದೆ, ಇಲ್ಲವೇ ತಳ್ಳಿದ ಪೆಟ್ರೋಲ್ ಟ್ಯಾಂಕಿನೊಳಗೇ ವಾಪಸ್ ಸುರಿಯುತ್ತಿದೆ.

ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಪಂಪಿನಿಂದ ಅಸೆಂಬ್ಲಿಯ ಮುಚ್ಚಳಕ್ಕೆ ಹೋಗುವ ಸಣ್ಣ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಪೈಪ್ ನೋಡಿ. ಸುಮ್ನೆ ನೋಡಿದರೆ ಚೆನ್ನಾಗೇ ಕಾಣುತ್ತದೆ, ಬೆರಳಲ್ಲಿ ಬಗ್ಗಿಸಿದಾಗ ಸುಕ್ಕಿನ ನಡುವೆ ಕೂದಲೆಳೆಯಷ್ಟು ಬಿರುಕು ಬಾಯಿ ಬಿಡುತ್ತದೆ. ಪಂಪ್ ಬಾಯಿಯ ಓ ರಿಂಗ್ ಹಳೆಯದನ್ನೇ ಹಾಕಿದ್ದರೂ ಇದೇ ಕಥೆ. ಹೊಸ ಪಂಪ್ ಹಾಕಿದ ಮೇಲೂ ಪ್ರೆಶರ್ ಬರದಿದ್ದರೆ ನಾನು ಮೊದಲು ಇಲ್ಲೇ ನೋಡುವುದು.

ಹರಿವು ಅಳೆಯಬೇಕಾದರೆ ಪೈಪನ್ನು ಅಳತೆ ಗುರುತಿರುವ ಕ್ಯಾನಿಗೆ ಬಿಟ್ಟು, ರಿಲೇ ಜಾಗದಲ್ಲಿ ಫ್ಯೂಸ್ ಇರುವ ಜಂಪರ್ ವೈರ್ ಹಾಕಿ ಪಂಪ್ ಓಡಿಸಿ. 30 ಸೆಕೆಂಡಿಗೆ ಅರ್ಧ ಲೀಟರ್ ಬಂದರೆ ಸಣ್ಣ ಎಂಜಿನಿಗೆ ಸಾಮಾನ್ಯವಾಗಿ ಸಾಕು. ಜಂಪರ್‌ನ ಕಿಡಿ ಕ್ಯಾನಿನಿಂದ ದೂರ ಇರಲಿ.

ಆಫ್ ಮಾಡಿದ ಮೇಲೆ ಪ್ರೆಶರ್ ಬಿದ್ದರೆ

ಎಂಜಿನ್ ಆಫ್ ಮಾಡಿ ಗೇಜ್ ನೋಡುತ್ತಿರಿ. 3 ಬಾರ್ ಗಾಡಿಯಲ್ಲಿ ಐದು ನಿಮಿಷ ಆದ ಮೇಲೂ 2ಕ್ಕಿಂತ ಮೇಲಿದ್ದರೆ ಒಳ್ಳೆಯದು. ಕಣ್ಣೆದುರೇ ಸೊನ್ನೆಗೆ ಬಂದರೆ ಸೋರಿಕೆ ಇದೆ. ಮತ್ತೆ ಪ್ರೆಶರ್ ಕಟ್ಟಿ, ಆಫ್ ಮಾಡಿದ ತಕ್ಷಣ ಟ್ಯಾಂಕ್ ಕಡೆಯ ರಬ್ಬರ್ ಪೈಪಿಗೆ ಕ್ಲಾಂಪ್ ಹಾಕಿ. ಈಗ ಪ್ರೆಶರ್ ನಿಂತರೆ ತೊಂದರೆ ಟ್ಯಾಂಕಿನಲ್ಲಿ: ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ವಾಪಸ್ ಇಳಿಯದಂತೆ ತಡೆಯುವುದು), ಅಥವಾ ಒಳಗಿನ ರೆಗ್ಯುಲೇಟರ್. ಕ್ಲಾಂಪ್ ಹಾಕಿದರೂ ಬಿದ್ದರೆ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ, ಅಥವಾ ರಿಟರ್ನ್ ಇರುವ ಗಾಡಿಯಾದರೆ ರೆಗ್ಯುಲೇಟರ್. ತೊಟ್ಟಿಕ್ಕುವ ಇಂಜೆಕ್ಟರಿಗೆ ಬೇರೆ ಗುರುತುಗಳೂ ಇವೆ. ಸ್ಟಾರ್ಟ್ ಆದ ಕೂಡಲೇ ಕಪ್ಪು ಹೊಗೆ, ಒಂದೇ ಸಿಲಿಂಡರಿನ ಪ್ಲಗ್ ಕಪ್ಪು, ಎಂಜಿನ್ ಆಯಿಲ್ ಡಿಪ್‌ಸ್ಟಿಕ್‌ನಲ್ಲಿ ಪೆಟ್ರೋಲ್ ವಾಸನೆ. ಈ ವಾಸನೆ ಬಂದರೆ ತಡ ಮಾಡಬೇಡಿ, ಆಯಿಲ್ ತೆಳುವಾಗಿ ಬೇರಿಂಗ್ ಸವೆಯುತ್ತದೆ.

ಪ್ರೆಶರ್ ಜಾಸ್ತಿ ಇರುವ ಕೇಸುಗಳು ಅಪರೂಪ. ಮೈಲೇಜ್ ಬಿದ್ದಿದೆ, ಸೈಲೆನ್ಸರ್ ಬಾಯಿ ಮಸಿ, ಟ್ರಿಮ್ ಮೈನಸ್ ಅಂದರೆ ರಿಟರ್ನ್ ಪೈಪ್ ಮಡಚಿಕೊಂಡಿದೆಯಾ, ವ್ಯಾಕ್ಯೂಮ್ ಪೈಪ್ ಕಳಚಿದೆಯಾ ನೋಡಿ. ಎರಡೂ ಸರಿ ಇದ್ದರೆ ರೆಗ್ಯುಲೇಟರ್ ಸಿಕ್ಕಿಕೊಂಡಿದೆ.

ಬಿಎಸ್6 ಹೊಗೆ ನಿಯಮ ಬಂದ ಮೇಲೆ, ಅಂದರೆ 2020ರ ಏಪ್ರಿಲ್‌ನಿಂದ, ನಮ್ಮ ಬಹುತೇಕ ಬೈಕು ಸ್ಕೂಟರುಗಳಿಗೂ ಟ್ಯಾಂಕಿನೊಳಗೆ ಇಂಥದ್ದೇ ಪಂಪ್ ಬಂದಿದೆ. ಅಲ್ಲೂ ಸಾಮಾನ್ಯವಾಗಿ 3 ಬಾರ್ ಸುಮಾರು. ಪರೀಕ್ಷೆ ಇದೇ ದಾರಿಯಲ್ಲಿ ನಡೆಯುತ್ತದೆ, ಆದರೆ ಮೊದಲು ಬ್ಯಾಟರಿ ನೋಡಿ. ಬ್ಯಾಟರಿ ಸೋತರೆ ಪಂಪ್ ಪ್ರೆಶರ್ ಕಟ್ಟುವುದಿಲ್ಲ, ಎಷ್ಟು ಕಿಕ್ ಹೊಡೆದರೂ ವ್ಯರ್ಥ.

ಡೀಸೆಲ್ ಇರುವವರಿಗೆ

ಕಾಮನ್ ರೈಲ್ ಡೀಸೆಲ್‌ನಲ್ಲಿ ಪ್ರೆಶರ್ 3 ಬಾರ್ ಅಲ್ಲ, 1600 ಬಾರ್ ಅಥವಾ ಅದಕ್ಕೂ ಮೇಲೆ. ಹಳೇ ಡೀಸೆಲ್‌ನಲ್ಲಿ ಇಂಜೆಕ್ಟರ್ ನಟ್ ಸಡಿಲಿಸಿ ಏರ್ ತೆಗೆಯುತ್ತಿದ್ದ ಹಾಗೆ ಇಲ್ಲಿ ಮಾಡಲೇಬಾರದು. ಕೂದಲೆಳೆ ಗಾತ್ರದ ಸೋರಿಕೆ ಕೂಡ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗೆ ಬೆರಳೋ ಕೈಯೋ ಕೊಳೆಯಬಹುದು. ಹಾಗೇನಾದರೂ ಆದರೆ ನೋವಿಲ್ಲ ಅಂತ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಗೆ ಹೋಗಿದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಮನೆಯಲ್ಲಿ ಮಾಡಬಹುದಾದ್ದು ಇಷ್ಟೇ: ಡೀಸೆಲ್ ಫಿಲ್ಟರಿನ ನೀರು ಬಿಡುವುದು, ಫಿಲ್ಟರ್ ಬದಲಿಸುವುದು, ಪಾರದರ್ಶಕ ಪೈಪ್ ಇದ್ದರೆ ಗುಳ್ಳೆ ಬರುತ್ತಿದೆಯಾ ನೋಡುವುದು. ಪಿ0087 ಬಂದ ಡೀಸೆಲ್ ಗಾಡಿಗೆ ಮೊದಲು ಫಿಲ್ಟರ್, ಆಮೇಲೆ ಮಿಕ್ಕಿದ್ದು. ಸ್ಕ್ಯಾನರಿನಲ್ಲಿ ಇಸಿಯು ಕೇಳಿದ ರೈಲ್ ಪ್ರೆಶರ್ ಎಷ್ಟು, ಸಿಕ್ಕಿದ್ದು ಎಷ್ಟು ಅಂತ ಪಕ್ಕಪಕ್ಕ ನೋಡಬಹುದು. ಸೆಲ್ಫ್ ಹೊಡೆಯುವಾಗ 200 ಬಾರ್ ಸುಮಾರಿಗೆ ಬರದಿದ್ದರೆ ಗಾಡಿ ಸಾಮಾನ್ಯವಾಗಿ ಸ್ಟಾರ್ಟ್ ಆಗುವುದಿಲ್ಲ. ಅಲ್ಲಿಂದ ಮುಂದೆ ಇಂಜೆಕ್ಟರ್‌ಗಳ ರಿಟರ್ನ್‌ಗೆ ಒಂದೊಂದು ಬಾಟಲಿ ಕಟ್ಟಿ ಯಾವುದು ಜಾಸ್ತಿ ವಾಪಸ್ ಬಿಡುತ್ತಿದೆ ಅಂತ ಹೋಲಿಸುವ ಪರೀಕ್ಷೆ, ಅದನ್ನು ತಿಳಿದವರ ಕೈಗೆ ಬಿಡಿ.

ಜೋಡಿಸಿದ ಮೇಲೆ

ಪೆಟ್ರೋಲ್ ಗಾಡಿಯಲ್ಲಿ ಏನೇ ಬದಲಿಸಿದರೂ ಅಸೆಂಬ್ಲಿಯ ಮುಚ್ಚಳಕ್ಕೆ ಹೊಸ ರಬ್ಬರ್ ಸೀಲ್ ಹಾಕಿ, ಹಳೆಯದು ಪೆಟ್ರೋಲಿನಲ್ಲಿ ಉಬ್ಬಿ ಮತ್ತೆ ಕೂರುವುದಿಲ್ಲ. ಸೀಟ್ ಮುಚ್ಚುವ ಮೊದಲು ಕೀ ಆನ್ ಆಫ್ ಮಾಡಿ ಪ್ರೆಶರ್ ಕಟ್ಟಿ, ಬಿಚ್ಚಿದ ಪ್ರತಿಯೊಂದು ಜಾಯಿಂಟನ್ನು ಒಣ ಟಿಶ್ಯೂ ಪೇಪರಿನಲ್ಲಿ ಒರೆಸಿ ನೋಡಿ. ಕಣ್ಣಿಗೆ ಕಾಣದ ತೇವ ಪೇಪರಿನಲ್ಲಿ ಕಾಣುತ್ತದೆ. ಟ್ಯಾಂಕ್ ಫುಲ್ ಮಾಡಿಸಿದ ದಿನ ಇನ್ನೊಂದು ಸಲ ಸೀಟ್ ಎತ್ತಿ ವಾಸನೆ ನೋಡಿ, ಕೆಲವು ಸೀಲ್‌ಗಳು ಪೆಟ್ರೋಲ್ ಮೇಲಿನವರೆಗೆ ಬಂದಾಗ ಮಾತ್ರ ಸೋರುತ್ತವೆ. ಸ್ಕ್ಯಾನರಿನಲ್ಲಿ ಹಳೇ ಲಾಂಗ್ ಟ್ರಿಮ್ ಅಳಿಸಿ, ಒಂದೆರಡು ದಿನ ಮಾಮೂಲಿನಂತೆ ಓಡಿಸಿ, ಮತ್ತೆ ಅದೇ ಏರಿನಲ್ಲಿ ಅದೇ ಗೇರಿನಲ್ಲಿ ಅಳೆಯಿರಿ. ಹಳೇ ಅಂಕಿ, ಹೊಸ ಅಂಕಿ ಎರಡನ್ನೂ ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ.